ನೆಲದ ಬಳಕೆ ಮತ್ತು ಇಂಗಾಲದ ಲೆಕ್ಕ

ಪ್ರಶ್ನೆಯ ಸ್ವರೂಪ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಸಿರು ಸಸ್ಯಗಳು ದ್ಯುತಿಸಂಶ್ಲೇಷಣೆಯ ಮೂಲಕ ಹೀರಿ ಎಲೆ, ಕಾಂಡ, ಬೇರುಗಳಾಗಿ ಕಟ್ಟಿಕೊಳ್ಳುತ್ತವೆ. ಅವು ಉಸಿರಾಡಿದಾಗ, ಕೊಳೆತಾಗ ಇಲ್ಲವೆ ಉರಿದಾಗ ಅದೇ ಇಂಗಾಲ ಗಾಳಿಗೆ ಮರಳುತ್ತದೆ. ನೆಲದ ಇಂಗಾಲಚಕ್ರವೆಂದರೆ ಈ ಕೊಡುಕೊಳೆಯೇ. ವರ್ಷಕ್ಕೆ ಸುಮಾರು 120 ಶತಕೋಟಿ ಟನ್ ಇಂಗಾಲ (ಒಂದು ಶತಕೋಟಿ ಎಂದರೆ ನೂರು ಕೋಟಿ) ಹೀಗೆ ಗಾಳಿಯಿಂದ ಸಸ್ಯಗಳಿಗೆ ಬಂದು, ಹೆಚ್ಚುಕಡಿಮೆ ಅಷ್ಟೇ ಹಿಂದಿರುಗುತ್ತದೆ. ಭೂಮಿಯ ಸಸ್ಯರಾಶಿಯಲ್ಲಿ ಸುಮಾರು 450 ಶತಕೋಟಿ ಟನ್, ಮಣ್ಣಿನ ಮೇಲಿನ ಒಂದು ಮೀಟರ್ ಆಳದಲ್ಲಿ ಸುಮಾರು 1500 ಶತಕೋಟಿ ಟನ್ ಇಂಗಾಲ ಕೂಡಿಕೊಂಡಿದ್ದರೆ, ವಾತಾವರಣದಲ್ಲಿ ಈಗ ಇರುವುದು ಸುಮಾರು 880 ಶತಕೋಟಿ ಟನ್. ನೆಲದ ಸಂಗ್ರಹ ಗಾಳಿಯ ಸಂಗ್ರಹದ ಎರಡು ಪಟ್ಟಿಗೂ ಮೀರಿರುವುದರಿಂದ, ನೆಲದಲ್ಲಾಗುವ ಸಣ್ಣ ಏರುಪೇರು ಕೂಡ ಗಾಳಿಯಲ್ಲಿ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ.

ಮನುಷ್ಯ ಈ ಕೊಡುಕೊಳೆಯಲ್ಲಿ ಎರಡು ಬಗೆಯಲ್ಲಿ ಕೈಯಾಡಿಸುತ್ತಾನೆ. ಕಾಡು ಕಡಿದು ಹೊಲವನ್ನೋ ತೋಟವನ್ನೋ ಗೋಮಾಳವನ್ನೋ ಮಾಡಿದಾಗ ನೆಲದ ರೂಪವೇ ಬೇರೆಯಾಗುತ್ತದೆ. ಇದು ಭೂಬಳಕೆಯ ಬದಲಾವಣೆ. ಕಾಡು ಕಾಡಾಗಿಯೇ, ಹೊಲ ಹೊಲವಾಗಿಯೇ ಉಳಿದು, ಅಲ್ಲಿ ಸೌದೆ ಕಡಿಯುವುದು, ದನ ಮೇಯಿಸುವುದು, ಉಳುವುದು, ಗೊಬ್ಬರ ಹಾಕುವುದು, ನೀರು ಬಸಿಯುವುದು ನಡೆದಾಗ ಅದು ಭೂನಿರ್ವಹಣೆ. ಮೊದಲನೆಯದು ಉಪಗ್ರಹದ ಕಣ್ಣಿಗೆ ಸುಲಭವಾಗಿ ಬೀಳುತ್ತದೆ, ಎರಡನೆಯದು ಅಷ್ಟು ಸುಲಭವಾಗಿ ಬೀಳುವುದಿಲ್ಲ. ಗ್ಲೋಬಲ್ ಕಾರ್ಬನ್ ಪ್ರಾಜೆಕ್ಟ್ ಎಂಬ ವಿಜ್ಞಾನಿಗಳ ಒಕ್ಕೂಟದ ಅಂದಾಜಿನಂತೆ 2014ರಿಂದ 2023ರವರೆಗಿನ ದಶಕದಲ್ಲಿ ವರ್ಷಕ್ಕೆ ಸರಾಸರಿ 9.7 ಶತಕೋಟಿ ಟನ್ ಇಂಗಾಲ ಮುಖ್ಯವಾಗಿ ಕಲ್ಲಿದ್ದಲು, ತೈಲ, ಅನಿಲಗಳಿಂದಲೂ ಸುಮಾರು 1.1 ಶತಕೋಟಿ ಟನ್ ಭೂಬಳಕೆಯ ಬದಲಾವಣೆಯಿಂದಲೂ ಗಾಳಿಗೆ ಸೇರಿತು. ಅದೇ ಅವಧಿಯಲ್ಲಿ ನೆಲದ ಸಸ್ಯ ಮತ್ತು ಮಣ್ಣು ವರ್ಷಕ್ಕೆ ಸುಮಾರು 3.2 ಶತಕೋಟಿ ಟನ್ ಇಂಗಾಲವನ್ನು ಹೀರಿಕೊಂಡವು. ನೆಲ ಹೀಗೆ ಏಕಕಾಲಕ್ಕೆ ಇಂಗಾಲವನ್ನು ಹೊರಸೂಸುತ್ತಲೂ ಇದೆ, ಹೀರುತ್ತಲೂ ಇದೆ. ಈ ಎರಡರಲ್ಲಿಯೂ ಮನುಷ್ಯನ ಪಾಲು ಎಷ್ಟು ಎಂಬುದೇ ಅರ್ಧ ಶತಮಾನದಿಂದ ನಡೆದುಬಂದಿರುವ ಚರ್ಚೆ. ಅಳತೆಯ ಸಾಧನಗಳು ಬಹಳ ಸುಧಾರಿಸಿದ ಮೇಲೂ ಭಿನ್ನಮತ ಉಳಿದಿರುವುದಕ್ಕೆ ಮುಖ್ಯ ಕಾರಣವೆಂದರೆ, ಮನುಷ್ಯನ ಕೆಲಸಕ್ಕೂ ನಿಸರ್ಗದ ಕೆಲಸಕ್ಕೂ ನಡುವಿನ ಗೆರೆಯನ್ನು ಒಂದೊಂದು ಪಂಥವೂ ಒಂದೊಂದು ಕಡೆ ಎಳೆಯುವುದು.

ಲೆಕ್ಕ ಹುಟ್ಟಿದ ಬಗೆ

1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ನಿರಂತರವಾಗಿ ಅಳೆಯತೊಡಗಿದಾಗ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 315 ಭಾಗಗಳಷ್ಟಿತ್ತು. ಇಂದು ಅದು 420ನ್ನು ದಾಟಿದೆ. ಉರಿಸಿದ ಇಂಧನದ ಇಂಗಾಲದಲ್ಲಿ ಅರ್ಧದ ಆಸುಪಾಸು ಮಾತ್ರ ಗಾಳಿಯಲ್ಲಿ ಉಳಿಯುತ್ತಿದೆ ಎಂಬುದು ಆ ಅಳತೆಗಳಿಂದ ತಿಳಿದುಬಂದ ಮೇಲೆ, ಉಳಿದರ್ಧ ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ ಎದ್ದಿತು. 1978ರಲ್ಲಿ ಪರಿಸರವಿಜ್ಞಾನಿ ಜಾರ್ಜ್ ವುಡ್‌ವೆಲ್ ಮತ್ತು ಸಂಗಡಿಗರು, ಕಾಡುನಾಶದಿಂದ ಹೊರಬೀಳುವ ಇಂಗಾಲ ಇಂಧನದಿಂದ ಬರುವುದಕ್ಕೆ ಸರಿಸಮವಾಗಿಯೋ ಅದಕ್ಕಿಂತ ಹೆಚ್ಚಾಗಿಯೋ ಇರಬಹುದೆಂದು ವಾದಿಸಿದರು. ಮರುವರ್ಷವೇ ವಾಲೆಸ್ ಬ್ರೋಕರ್ ಮತ್ತಿತರ ಸಾಗರವಿಜ್ಞಾನಿಗಳು, ಅಷ್ಟೊಂದನ್ನು ನುಂಗುವ ಶಕ್ತಿ ಕಡಲಿಗಿಲ್ಲ, ಆದ್ದರಿಂದ ಆ ಅಂದಾಜು ನಿಲ್ಲಲಾರದೆಂದು ಆಕ್ಷೇಪಿಸಿದರು.

ಈ ಜಗ್ಗಾಟದಿಂದಲೇ ಇಂದಿಗೂ ಬಳಕೆಯಲ್ಲಿರುವ ಒಂದು ವಿಧಾನ ಹುಟ್ಟಿತು. 1983ರಲ್ಲಿ ರಿಚರ್ಡ್ ಹೌಟನ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಜಮಾಖರ್ಚಿನ ವಿಧಾನದಲ್ಲಿ, ಯಾವ ಪ್ರದೇಶದಲ್ಲಿ ಯಾವ ವರ್ಷ ಎಷ್ಟು ಕಾಡು ಹೊಲವಾಯಿತು, ಎಷ್ಟು ಹೊಲ ಪಾಳುಬಿದ್ದು ಮತ್ತೆ ಕಾಡಾಯಿತು ಎಂಬುದನ್ನು ದಾಖಲೆಗಳಿಂದ ತೆಗೆದು, ಕಡಿದ ಮರ ಎಷ್ಟು ಬೇಗ ಉರಿದು ಇಲ್ಲವೆ ಕೊಳೆತು ಹೋಗುತ್ತದೆ, ಮಣ್ಣು ಎಷ್ಟು ವರ್ಷಗಳಲ್ಲಿ ಇಂಗಾಲ ಕಳೆದುಕೊಳ್ಳುತ್ತದೆ, ಮರಿಗಾಡು ಎಷ್ಟು ವೇಗದಲ್ಲಿ ಅದನ್ನು ತುಂಬಿಕೊಳ್ಳುತ್ತದೆ ಎಂಬ ನಿಗದಿತ ದರಗಳನ್ನು ಅದಕ್ಕೆ ಅನ್ವಯಿಸಲಾಗುತ್ತದೆ. ಭೂಬಳಕೆ ಇಂಗಾಲದ ಮೂಲವೆಂಬುದು ಈ ಲೆಕ್ಕದಿಂದ ಖಚಿತವಾಯಿತಾದರೂ ಇನ್ನೊಂದು ತೊಡಕು ಎದುರಾಯಿತು: ಇಂಧನ ಮತ್ತು ಭೂಬಳಕೆಯ ಹೊರಸೂಸುವಿಕೆಯನ್ನು ಕೂಡಿಸಿ, ಗಾಳಿಯ ಹೆಚ್ಚಳವನ್ನೂ ಕಡಲಿನ ಪಾಲನ್ನೂ ಕಳೆದರೆ ದೊಡ್ಡ ಮೊತ್ತವೊಂದು ಲೆಕ್ಕಕ್ಕೆ ಸಿಗದೆ ಉಳಿಯುತ್ತಿತ್ತು. 1990ರಲ್ಲಿ ಪೀಟರ್ ಟಾನ್ಸ್, ಇನೆಜ್ ಫಂಗ್ ಮತ್ತು ತಾರೊ ತಕಹಾಶಿ, ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ಗಾಳಿಯ ನಡುವಿನ ಇಂಗಾಲದ ವ್ಯತ್ಯಾಸ ಇರಬೇಕಾದುದಕ್ಕಿಂತ ಕಡಿಮೆಯಿರುವುದನ್ನು ತೋರಿಸಿ, ಕಾಣೆಯಾದ ಇಂಗಾಲದ ಬಹುಪಾಲು ಉತ್ತರದ ಸಮಶೀತೋಷ್ಣ ನೆಲದೊಳಗೆ ಸೇರುತ್ತಿದೆ ಎಂದರು. ಸಸ್ಯಗಳು ಇಂಗಾಲ ಹೀರುವಾಗ ಆಮ್ಲಜನಕವನ್ನು ಬಿಡುತ್ತವೆ, ಕಡಲು ಹಾಗೆ ಬಿಡುವುದಿಲ್ಲ ಎಂಬ ವ್ಯತ್ಯಾಸವನ್ನು ಹಿಡಿದು ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ನಡೆಸಿದ ಆಮ್ಲಜನಕದ ಅಳತೆಗಳು ನೆಲದ ಪಾಲನ್ನೂ ಕಡಲಿನ ಪಾಲನ್ನೂ ಬೇರ್ಪಡಿಸಿದವು. ನೆಲ ಒಟ್ಟಾರೆಯಾಗಿ ಇಂಗಾಲ ಹೀರುತ್ತಿದೆಯೆಂಬುದು ಅಲ್ಲಿಗೆ ಸ್ಥಿರಪಟ್ಟಿತು. ಏಕೆ ಎಂಬುದು ಮಾತ್ರ ಉಳಿಯಿತು.

ಎಂದಿನಿಂದ ಎಣಿಸಬೇಕು?

ಸಾಮಾನ್ಯವಾಗಿ ಲೆಕ್ಕವನ್ನು 1750ರಿಂದಲೋ 1850ರಿಂದಲೋ ಆರಂಭಿಸುವುದು ರೂಢಿ. 2003ರಲ್ಲಿ ವಿಲಿಯಂ ರಡ್ಡಿಮನ್ ಈ ರೂಢಿಯನ್ನೇ ಪ್ರಶ್ನಿಸಿದರು. ಹಿಂದಿನ ಹಿಮಯುಗಗಳ ನಡುವಣ ಬೆಚ್ಚಗಿನ ಅವಧಿಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಮೆಲ್ಲನೆ ಇಳಿಯುತ್ತಿದ್ದರೆ, ಈಗಿನ ಅವಧಿಯಲ್ಲಿ ಸುಮಾರು 8000 ವರ್ಷಗಳ ಹಿಂದಿನಿಂದ ಅದು 260ರಿಂದ 280 ಭಾಗಗಳಿಗೆ ಏರಿರುವುದು ಅಂಟಾರ್ಕ್ಟಿಕದ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳಿಂದ ತಿಳಿಯುತ್ತದೆ. ಮೀಥೇನ್ ಅನಿಲವೂ ಸುಮಾರು 5000 ವರ್ಷಗಳ ಹಿಂದಿನಿಂದ ಹೆಚ್ಚಿದೆ. ಮೊದಲನೆಯದಕ್ಕೆ ಆದಿಕೃಷಿಕರ ಕಾಡುಕಡಿತವೂ ಎರಡನೆಯದಕ್ಕೆ ನೀರು ನಿಲ್ಲಿಸಿ ಬೆಳೆಯುವ ಏಷ್ಯಾದ ಭತ್ತದ ಗದ್ದೆಗಳೂ ಕಾರಣವೆಂಬುದು ರಡ್ಡಿಮನ್ನರ ಪ್ರತಿಪಾದನೆ.

ಇದಕ್ಕೆ ಬಂದ ಮುಖ್ಯ ಆಕ್ಷೇಪ ಇಂಗಾಲದ ಸಮಸ್ಥಾನಿಗಳನ್ನು, ಅಂದರೆ ತೂಕದಲ್ಲಿ ಮಾತ್ರ ಭಿನ್ನವಾದ ಪರಮಾಣುಗಳನ್ನು ಆಧರಿಸಿದ್ದು. ಸಸ್ಯಗಳು ಹಗುರ ಇಂಗಾಲವನ್ನು ಆಯ್ದು ಹೀರುವುದರಿಂದ, ಕಾಡು ಉರಿದು ಗಾಳಿ ತುಂಬಿದ್ದರೆ ಆ ಗುರುತು ಹಿಮದಲ್ಲಿ ಉಳಿದಿರಬೇಕಿತ್ತು. 2009ರಲ್ಲಿ ಪ್ರಕಟವಾದ ಅಂಟಾರ್ಕ್ಟಿಕದ ಅಳತೆಗಳಲ್ಲಿ ಆ ಗುರುತು ದುರ್ಬಲವಾಗಿದ್ದು, ಏರಿಕೆಯ ಬಹುಪಾಲು ಕಡಲಿನ ರಸಾಯನದ ಬದಲಾವಣೆಯಿಂದ ಬಂದದ್ದೆಂದು ಸೂಚಿಸಿತು. ಆದಿಕೃಷಿಕನೊಬ್ಬ ಇಂದಿನ ರೈತನಿಗಿಂತ ತಲೆಗೆ ಬಹಳ ಹೆಚ್ಚು ನೆಲ ಬಳಸುತ್ತಿದ್ದನೆಂದೂ, ಅದೇ ಕಾಲದಲ್ಲಿ ಉತ್ತರದ ಜೌಗುಗಳಲ್ಲಿ ಇಂಗಾಲ ಹೂತುಹೋಗುತ್ತಿದ್ದುದರಿಂದ ಕಾಡಿನ ಗುರುತು ಮಸುಕಾಯಿತೆಂದೂ ರಡ್ಡಿಮನ್ ಪಂಥ ಉತ್ತರಿಸುತ್ತದೆ. 2019ರಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಪುರಾತತ್ತ್ವಜ್ಞರ ತಿಳಿವನ್ನು ಒಟ್ಟುಗೂಡಿಸಿದ ಅಧ್ಯಯನವೊಂದು, ಸುಮಾರು 3000 ವರ್ಷಗಳ ಹಿಂದೆಯೇ ಭೂಮಿಯ ಬಹುಭಾಗ ಬೇಟೆಗಾರರು, ಕೃಷಿಕರು ಮತ್ತು ಪಶುಪಾಲಕರಿಂದ ಮಾರ್ಪಾಟಾಗಿತ್ತೆಂದು ತೋರಿಸಿತು. ಇದು ರಡ್ಡಿಮನ್ನರ ಇಂಗಾಲದ ಅಂಕಿಗಳನ್ನು ಸಮರ್ಥಿಸದಿದ್ದರೂ, 1750ಕ್ಕೂ ಹಿಂದಿನ ನೆಲವನ್ನು ಮನುಷ್ಯಸ್ಪರ್ಶವಿಲ್ಲದ್ದೆಂದು ಭಾವಿಸುವುದು ತಪ್ಪೆಂಬುದನ್ನು ಸ್ಪಷ್ಟಪಡಿಸಿತು.

ಇದೇ ವಾದದ ಮಗ್ಗುಲಲ್ಲಿ ಅಮೆರಿಕ ಖಂಡಗಳ ದುರಂತವಿದೆ. 1492ರ ನಂತರ ಯುರೋಪಿನಿಂದ ಬಂದ ರೋಗಗಳು ಮತ್ತು ಹಿಂಸೆಗೆ ಮೂಲನಿವಾಸಿಗಳು ಅಪಾರ ಸಂಖ್ಯೆಯಲ್ಲಿ ಬಲಿಯಾದಾಗ ಸುಮಾರು 5.6 ಕೋಟಿ ಹೆಕ್ಟೇರ್ ಹೊಲ ಪಾಳುಬಿದ್ದು ಕಾಡಾಯಿತು, 1600ರ ಆಸುಪಾಸಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ 7ರಿಂದ 10 ಭಾಗ ಇಳಿಯಲು ಅದೂ ಕಾರಣ ಎಂದು 2019ರ ಅಧ್ಯಯನವೊಂದು ಹೇಳಿತು. ಕೊರೆದು ತೆಗೆದ ಮತ್ತೊಂದು ಹಿಮಸ್ತಂಭದ ಇತ್ತೀಚಿನ ಅಳತೆಗಳಲ್ಲಿ ಆ ಇಳಿಕೆ ಥಟ್ಟನೆ ಆದದ್ದಾಗಿರದೆ ನಿಧಾನವಾಗಿ ಆದದ್ದೆಂದು ಕಂಡುಬಂದಿರುವುದರಿಂದ ಅದರ ಗಾತ್ರ ಮತ್ತು ವೇಗ ಎರಡೂ ಮತ್ತೆ ಚರ್ಚೆಗೆ ಬಂದಿವೆ.

ಕಡಿದ ಕಾಡು, ಕೃಶವಾದ ಕಾಡು

ನಷ್ಟವನ್ನು ಎಲ್ಲಿ ಹುಡುಕಬೇಕೆಂಬುದು ಎರಡನೆಯ ವಿವಾದ. ಕಾಡು ಹೊಲವಾದದ್ದನ್ನೇ ಮುಖ್ಯವಾಗಿ ಎಣಿಸುವ ಪಂಥಕ್ಕೆ 2018ರಲ್ಲಿ ಕಾರ್ಲ್-ಹೈಂಜ್ ಎರ್ಬ್ ಮತ್ತು ಸಂಗಡಿಗರ ಅಧ್ಯಯನ ಎದುರಾಯಿತು. ಮನುಷ್ಯನ ಬಳಕೆಯಿಲ್ಲದಿದ್ದರೆ ಇಂದಿನ ಹವಾಗುಣದಲ್ಲಿ ಸಸ್ಯರಾಶಿ ಸುಮಾರು 916 ಶತಕೋಟಿ ಟನ್ ಇಂಗಾಲವನ್ನು ಹಿಡಿದಿಡಬಹುದಿತ್ತು, ಈಗ ಇರುವುದು ಅದರ ಅರ್ಧ ಮಾತ್ರ ಎಂದು ಅವರು ಲೆಕ್ಕಹಾಕಿದರು. ಈ ಅಂತರದಲ್ಲಿ ಶೇ. 42ರಿಂದ 47ರಷ್ಟು ಕಾಡುನಾಶದಿಂದಲ್ಲ, ಕಾಡಾಗಿಯೇ ಹುಲ್ಲುಗಾವಲಾಗಿಯೇ ಉಳಿದ ನೆಲದ ನಿರ್ವಹಣೆಯಿಂದ ಬಂದದ್ದೆಂಬುದು ಅವರ ಮುಖ್ಯ ತೀರ್ಮಾನ. ಮರ ನಿಂತಿರುವ ಕಡೆಯೂ ಇಂಗಾಲ ಗಣನೀಯವಾಗಿ ಇಳಿದಿರಬಹುದು ಎಂಬ ಈ ಮಾತು ಕಾಡಿನ ವಿಸ್ತೀರ್ಣವೊಂದನ್ನೇ ನೆಚ್ಚಿದ ಎಲ್ಲ ಲೆಕ್ಕಗಳನ್ನೂ ಅಲುಗಿಸುತ್ತದೆ.

ಪಶ್ಚಿಮಘಟ್ಟದ ಎರಡು ಪದ್ಧತಿಗಳು ಈ ಅಂತರವನ್ನು ಹತ್ತಿರದಿಂದ ತೋರಿಸುತ್ತವೆ. ಕುಮರಿ ಬೇಸಾಯದಲ್ಲಿ ಕಾಡಿನ ಒಂದು ತುಂಡನ್ನು ಸವರಿ ಸುಟ್ಟು, ಬೂದಿಯ ಮೇಲೆ ರಾಗಿಯನ್ನೋ ಬೇರೆ ಧಾನ್ಯವನ್ನೋ ಒಂದೆರಡು ವರ್ಷ ಬೆಳೆದು, ಮತ್ತೆ ಕಾಡಿಗೆ ಬಿಟ್ಟುಬಿಡುತ್ತಿದ್ದರು. 19ನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಇದನ್ನು ಹಂತಹಂತವಾಗಿ ನಿರ್ಬಂಧಿಸಿತು. ಬಿಡುವಿನ ಅವಧಿ ದೀರ್ಘವಾಗಿದ್ದರೆ ಸುಟ್ಟಾಗ ಹೋದ ಇಂಗಾಲ ಮರುಬೆಳವಣಿಗೆಯಲ್ಲಿ ಬಹುಮಟ್ಟಿಗೆ ಹಿಂದಿರುಗುತ್ತದೆ, ಅವಧಿ ಕುಗ್ಗಿದಂತೆ ಸಂಗ್ರಹ ಸವೆಯುತ್ತದೆ. ಉತ್ತರ ಕನ್ನಡದ ಸೊಪ್ಪಿನಬೆಟ್ಟಗಳ ಕಥೆ ಬೇರೆ. ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೆ ಬಿಟ್ಟುಕೊಟ್ಟ ಆ ಬೆಟ್ಟಗಳಲ್ಲಿ ಮರಗಳ ರೆಂಬೆ ಸವರಿ, ದರಕು (ಉದುರಿದ ಒಣ ಎಲೆ) ಗುಡಿಸಿ, ಅದನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರವಾದ ಮೇಲೆ ತೋಟಕ್ಕೆ ಹೊರುತ್ತಾರೆ. ಬೆಟ್ಟ ದಾಖಲೆಯಲ್ಲಿ ಕಾಡೇ, ಉಪಗ್ರಹಕ್ಕೂ ಹಸಿರೇ; ಆದರೆ ಅದರ ಇಂಗಾಲದ ಒಂದು ಭಾಗ ವರ್ಷವರ್ಷವೂ ತೋಟದ ಮಣ್ಣಿಗೆ ಸಾಗುತ್ತದೆ. ನಷ್ಟವೆಷ್ಟು, ಸ್ಥಳಾಂತರವೆಷ್ಟು ಎಂದು ಹೇಳಬೇಕಾದರೆ ಬೆಟ್ಟವನ್ನೂ ತೋಟವನ್ನೂ ಒಟ್ಟಿಗೆ ಅಳೆಯಬೇಕು.

ಮಣ್ಣಿನೊಳಗಿನ ಸಂಗ್ರಹ

ಮಣ್ಣಿನ ವಿಷಯದಲ್ಲಿ ಒಪ್ಪಿತವಾದ ಸಂಗತಿಯೆಂದರೆ ಕಾಡನ್ನಾಗಲಿ ಹುಲ್ಲುಗಾವಲನ್ನಾಗಲಿ ಉತ್ತಾಗ ಇಂಗಾಲ ನಷ್ಟವಾಗುತ್ತದೆ ಎಂಬುದು. ನೇಗಿಲು ಹೆಂಟೆಗಳನ್ನು ಒಡೆದು ಒಳಗಿನ ಸಾವಯವ ದ್ರವ್ಯವನ್ನು ಗಾಳಿಗೂ ಸೂಕ್ಷ್ಮಜೀವಿಗಳಿಗೂ ಒಡ್ಡುತ್ತದೆ, ಕೊಯಿಲು ಹೊಸ ಕಸಕಡ್ಡಿಯ ಪೂರೈಕೆಯನ್ನು ಕಡಿಮೆ ಮಾಡುತ್ತದೆ. ಹಲವು ಅಧ್ಯಯನಗಳನ್ನು ಕ್ರೋಡೀಕರಿಸಿದ 2002ರ ವಿಶ್ಲೇಷಣೆಯೊಂದರಲ್ಲಿ ಕಾಡು ಹೊಲವಾದಾಗ ಮಣ್ಣಿನ ಇಂಗಾಲ ಸರಾಸರಿ ಶೇ. 42ರಷ್ಟೂ, ಹುಲ್ಲುಗಾವಲು ಹೊಲವಾದಾಗ ಶೇ. 59ರಷ್ಟೂ ಇಳಿದಿತ್ತು. ಕೃಷಿಯ ಇಡೀ ಇತಿಹಾಸದಲ್ಲಿ ಮಣ್ಣು ಕಳೆದುಕೊಂಡದ್ದು ನೂರು ಶತಕೋಟಿ ಟನ್‌ಗಿಂತ ಹೆಚ್ಚೆಂದು ಅಂದಾಜಿದೆ.

ಕಳೆದದ್ದನ್ನು ಮರಳಿ ತುಂಬಬಹುದೇ ಎಂಬುದಕ್ಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ಹೊಲ ದೀರ್ಘ ಸಾಕ್ಷಿ ಒದಗಿಸುತ್ತದೆ. 1843ರಿಂದ ಅಲ್ಲಿ ಗೋಧಿ ಬೆಳೆಯುತ್ತಿದ್ದು, ಪ್ರತಿವರ್ಷ ಕೊಟ್ಟಿಗೆ ಗೊಬ್ಬರ ಬಿದ್ದ ತಾಕಿನ ಮಣ್ಣಿನಲ್ಲಿ ಏನೂ ಹಾಕದ ತಾಕಿನ ಎರಡು ಪಟ್ಟಿಗಿಂತ ಹೆಚ್ಚು ಇಂಗಾಲವಿದೆ. 1882ರಲ್ಲಿ ಕೊಯ್ಯದೆ ಬಿಟ್ಟ ಮೂಲೆಯೊಂದು ಮುಂದೆ ಮರಗಾಡಾಗಿ ಬೆಳೆದು, ಅದರ ಮಣ್ಣೂ ಇಂಗಾಲದಲ್ಲಿ ಸಮೃದ್ಧವಾಯಿತು. ಇವೇ ತಾಕುಗಳು ಆ ಭರವಸೆಯ ಮಿತಿಯನ್ನೂ ಹೇಳುತ್ತವೆ: ಹೆಚ್ಚಳ ಮೊದಲ ದಶಕಗಳಲ್ಲಿ ವೇಗವಾಗಿದ್ದು ಬರಬರುತ್ತ ನಿಧಾನವಾಗುತ್ತದೆ, ಮತ್ತು ಅಷ್ಟು ಗೊಬ್ಬರ ಬೇರೊಂದು ನೆಲದಿಂದಲೇ ಬರಬೇಕು. 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಫ್ರಾನ್ಸ್ ಮುಂದಿಟ್ಟ, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸುವ ಗುರಿಯ ಬಗ್ಗೆ ಭಿನ್ನಾಭಿಪ್ರಾಯ ಎದ್ದದ್ದು ಇಲ್ಲಿಯೇ. ಉಳುಮೆಯಿಲ್ಲದ ಬೇಸಾಯ ಇಂಗಾಲವನ್ನು ಹೆಚ್ಚಿಸುತ್ತದೆಂಬ ಮಾತಿಗೂ, ಅದು ಮೇಲಿನ ಪದರದಲ್ಲಿ ಹೆಚ್ಚಾಗಿ ಕೆಳಗಿನ ಪದರದಲ್ಲಿ ಕಡಿಮೆಯಾಗುವುದನ್ನು ಆಳವಿಲ್ಲದ ಮಾದರಿಗಳು ಮರೆಮಾಚಿವೆ ಎಂಬ ಗಟ್ಟಿಯಾದ ಆಕ್ಷೇಪವಿದೆ.

ಜೌಗುಮಣ್ಣಿನ ವಿಷಯದಲ್ಲಿ ಇಂಥ ಅನುಮಾನಕ್ಕೆ ಎಡೆಯಿಲ್ಲ. ಅರೆಕೊಳೆತ ಸಸ್ಯಭಾಗಗಳು ಸಾವಿರಾರು ವರ್ಷ ನೀರಿನಡಿ ಪದರಗಟ್ಟಿ ಆಗುವ ಈ ಪೀಟ್ ಮಣ್ಣು ಭೂಮಿಯ ಸುಮಾರು ಶೇ. 3ರಷ್ಟು ನೆಲದಲ್ಲಿ ಮಾತ್ರ ಇದ್ದರೂ ಇಂಗಾಲದ ಅತಿ ದಟ್ಟ ಭಂಡಾರ. ಇಂಗ್ಲೆಂಡಿನ ಹೋಮ್ ಫೆನ್ ಜೌಗನ್ನು ಬಸಿಯುವಾಗ, 1851ರ ಸುಮಾರಿಗೆ ತುದಿ ನೆಲಮಟ್ಟಕ್ಕೆ ಬರುವಂತೆ ಹುಗಿದ ಕಬ್ಬಿಣದ ಕಂಬ ಇಂದು ನೆಲದಿಂದ ನಾಲ್ಕು ಮೀಟರ್ ಮೇಲೆ ನಿಂತಿದೆ. ಮಣ್ಣು ಒಂದಿಷ್ಟು ಒಣಗಿ ಕುಗ್ಗಿತು, ಒಂದಿಷ್ಟು ಉತ್ಕರ್ಷಣಗೊಂಡು ಗಾಳಿಗೆ ಸೇರಿತು. ಇಂಡೊನೇಷ್ಯಾದ ಮಧ್ಯ ಕಾಲಿಮಂತಾನ್‌ನಲ್ಲಿ ಹತ್ತು ಲಕ್ಷ ಹೆಕ್ಟೇರ್ ಜೌಗುಗಾಡನ್ನು ಭತ್ತದ ಗದ್ದೆ ಮಾಡುವ ಯೋಜನೆಗಾಗಿ ಕಾಲುವೆ ತೋಡಿದ ಬೆನ್ನಲ್ಲೇ 1997ರ ಎಲ್ ನಿನೊ ಬರ ಬಂದು ಕಾಡ್ಗಿಚ್ಚು ಹಬ್ಬಿತು. ಆ ವರ್ಷ ಇಂಡೊನೇಷ್ಯಾದ ಪೀಟ್ ಮತ್ತು ಕಾಡಿನಿಂದ 0.81ರಿಂದ 2.57 ಶತಕೋಟಿ ಟನ್ ಇಂಗಾಲ ಹೊರಬಿತ್ತೆಂಬ ಅಂದಾಜಿದೆ. ಜಗತ್ತಿನ ಇಂಧನಗಳ ವಾರ್ಷಿಕ ಹೊರಸೂಸುವಿಕೆಯ ಶೇ. 13ರಿಂದ 40ರಷ್ಟು ಅದು.

ಹೀರುವ ನೆಲದ ಹಿಂದಿನ ಕಾರಣ

ನೆಲ ಇಂಗಾಲವನ್ನು ಏಕೆ ಹೀರುತ್ತಿದೆ ಎಂಬುದಕ್ಕೆ ಎರಡು ಮುಖ್ಯ ವಿವರಣೆಗಳಿವೆ. ಹೆಚ್ಚಿದ ಇಂಗಾಲದ ಡೈಆಕ್ಸೈಡ್ ತಾನೇ ಗೊಬ್ಬರದಂತೆ ಸಸ್ಯಗಳನ್ನು ಬೆಳೆಸುತ್ತಿದೆ ಎಂಬುದು ಮೊದಲನೆಯದು; ಹಿಂದೆ ಕಡಿದ ಕಾಡುಗಳು, ಬಿಟ್ಟ ಹೊಲಗಳು ಈಗ ಮರುಬೆಳೆಯುತ್ತಿವೆ ಎಂಬುದು ಎರಡನೆಯದು. ಅಮೆರಿಕದ ಐದು ರಾಜ್ಯಗಳ ಕಾಡಿನ ದಾಖಲೆಗಳನ್ನು ಪರಿಶೀಲಿಸಿದ 2000ದ ಅಧ್ಯಯನವೊಂದು, ಅಲ್ಲಿನ ಶೇಖರಣೆಗೆ ಭೂಬಳಕೆಯ ಇತಿಹಾಸವೇ ಪ್ರಧಾನ ಕಾರಣವೆಂದು ಕಂಡಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೋಟಿಗಟ್ಟಲೆ ಹೆಕ್ಟೇರ್ ಹೊಲ ಬೀಳುಬಿದ್ದು ಇಂಗಾಲ ಕೂಡಿಸತೊಡಗಿದ್ದೂ ಈ ಪಂಥದ ಬೆನ್ನಿಗಿದೆ. ಆದರೆ ಕೊಡಲಿ ಬೀಳದ ಅಮೆಜಾನ್ ಮತ್ತು ಆಫ್ರಿಕದ ಹಳೆಯ ಕಾಡುಗಳೂ ದಶಕಗಳ ಕಾಲ ಇಂಗಾಲ ಹೀರಿದ್ದನ್ನು ಮರುಬೆಳವಣಿಗೆ ವಿವರಿಸಲಾರದು. ಅಲ್ಲಿ ಮೊದಲನೆಯ ಪಂಥದ ವಾದ ಹೆಚ್ಚು ಹೊಂದುತ್ತದೆ.

ಬಯಲಿನಲ್ಲಿ ನಿಂತ ಮರಗಳಿಗೆ ಕೊಳವೆಗಳಿಂದ ಹೆಚ್ಚುವರಿ ಇಂಗಾಲದ ಡೈಆಕ್ಸೈಡ್ ಊದುವ ಪ್ರಯೋಗಗಳು ಇದನ್ನು ನೇರವಾಗಿ ಪರೀಕ್ಷಿಸಿವೆ. ಎಳೆಯ ಕಾಡುಗಳಲ್ಲಿ ಬೆಳವಣಿಗೆ ಸುಮಾರು ಶೇ. 23ರಷ್ಟು ಹೆಚ್ಚಿತು, ಅಮೆರಿಕದ ಓಕ್ ರಿಜ್‌ನಲ್ಲಿ ಸಾರಜನಕದ ಕೊರತೆಯಿಂದ ಆ ಹೆಚ್ಚಳ ಕೆಲವೇ ವರ್ಷಗಳಲ್ಲಿ ಕುಗ್ಗಿತು, ಸಿಡ್ನಿ ಬಳಿಯ ಬಲಿತ ನೀಲಗಿರಿ ಕಾಡಿನಲ್ಲಿ ಹೀರಿದ ಹೆಚ್ಚುವರಿ ಇಂಗಾಲದ ಬಹುಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮತ್ತು ಮರಗಳು ಉಸಿರಾಗಿ ಗಾಳಿಗೇ ಬಿಟ್ಟವು. ಅಮೆಜಾನಿನ ಹೀರುವ ಶಕ್ತಿ 1990ರ ದಶಕದಿಂದ ಇಳಿಮುಖವಾಗಿದೆ, ಅದರ ಆಗ್ನೇಯ ಭಾಗ ಇಂಗಾಲದ ಮೂಲವೇ ಆಗಿ ಪರಿಣಮಿಸಿದೆ ಎಂದು 2021ರಲ್ಲಿ ಪ್ರಕಟವಾದ ವಿಮಾನ ಅಳತೆಗಳು ತೋರಿಸಿವೆ.

ಹಸಿರು ಹೆಚ್ಚಿದ್ದೆಲ್ಲ ಶೇಖರಣೆಯಲ್ಲ ಎಂಬುದಕ್ಕೆ ಭಾರತವೇ ನಿದರ್ಶನ. 2000ದಿಂದ 2017ರವರೆಗಿನ ಉಪಗ್ರಹ ಚಿತ್ರಗಳ ವಿಶ್ಲೇಷಣೆಯಲ್ಲಿ ಚೀನಾ ಮತ್ತು ಭಾರತ ಜಗತ್ತಿನ ಹಸಿರೇರಿಕೆಯಲ್ಲಿ ಮುಂದಿದ್ದವು. ಭಾರತದ ಪಾಲಿನಲ್ಲಿ ಶೇ. 82ರಷ್ಟು ನೀರಾವರಿ, ಗೊಬ್ಬರ, ಎರಡನೆಯ ಬೆಳೆಗಳಿಂದ ದಟ್ಟವಾದ ಹೊಲಗದ್ದೆಗಳದ್ದು. ಬೆಳೆ ಹೀರಿದ ಇಂಗಾಲ ಅನ್ನವಾಗಿ, ಮೇವಾಗಿ, ಉರುವಲಾಗಿ ಬಹುತೇಕ ವರ್ಷದೊಳಗೇ ಗಾಳಿಗೆ ಮರಳುವುದರಿಂದ ಚಕ್ರದ ವೇಗ ಹೆಚ್ಚುತ್ತದೆಯೇ ಹೊರತು ಸಂಗ್ರಹ ಬೆಳೆಯುವುದಿಲ್ಲ.

ಎರಡು ಲೆಕ್ಕ, ಒಂದೇ ಕಾಡು

ಈ ಗೊಂದಲ ಅಂತರರಾಷ್ಟ್ರೀಯ ಒಪ್ಪಂದಗಳಿಗೂ ತಾಗಿದೆ. ಸರ್ಕಾರಗಳು ವಿಶ್ವಸಂಸ್ಥೆಗೆ ಸಲ್ಲಿಸುವ ವರದಿಗಳಲ್ಲಿ ನಿರ್ವಹಿಸಲ್ಪಟ್ಟ ನೆಲದ ಮೇಲಾಗುವ ಎಲ್ಲ ಬದಲಾವಣೆಯನ್ನೂ ಮಾನವಕೃತವೆಂದೇ ಎಣಿಸಲು ಅವಕಾಶವಿದೆ. ಗಾಳಿಯ ಇಂಗಾಲದಿಂದ ತಾನಾಗಿ ಹೆಚ್ಚಿದ ಬೆಳವಣಿಗೆಯೂ ಅದರಲ್ಲಿ ಸೇರಿಹೋಗುತ್ತದೆ. ಜಮಾಖರ್ಚಿನ ಮಾದರಿಗಳು ಅದನ್ನು ನಿಸರ್ಗದ ಖಾತೆಗೆ ಹಾಕುತ್ತವೆ. ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದ ಎರಡೂ ಲೆಕ್ಕಗಳ ನಡುವೆ ವರ್ಷಕ್ಕೆ ಸುಮಾರು 4 ಶತಕೋಟಿ ಟನ್ ಇಂಗಾಲದ ಡೈಆಕ್ಸೈಡಿನ (ಒಂದು ಟನ್ ಇಂಗಾಲಕ್ಕೆ 3.67 ಟನ್ ಡೈಆಕ್ಸೈಡ್) ಅಂತರವಿದೆಯೆಂದು ಜಾಕೊಮೊ ಗ್ರಾಸಿ ಮತ್ತಿತರರು 2018ರಲ್ಲಿ ತೋರಿಸಿದರು. ಎರಡೂ ತಮ್ಮ ವ್ಯಾಖ್ಯೆಯೊಳಗೆ ಸರಿಯಾಗಿಯೇ ಇವೆ. ಒಂದರ ಗುರಿಯನ್ನು ಇನ್ನೊಂದರ ಅಂಕಿಗಳಿಂದ ಅಳೆದಾಗ ಮಾತ್ರ, ಮಾಡದ ಕೆಲಸಕ್ಕೆ ಮನ್ನಣೆ ಸಿಕ್ಕಿ ಇಂಧನದ ಹೊರಸೂಸುವಿಕೆಗೆ ರಿಯಾಯಿತಿ ದೊರೆಯುವ ಅಪಾಯವಿದೆ.

ಮರ ನೆಡುವ ವಾದ

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನಲ್ಲಿ ಇನ್ನೂ 90 ಕೋಟಿ ಹೆಕ್ಟೇರ್‌ನಷ್ಟು ಮರಗಳ ಹೊದಿಕೆಗೆ ಜಾಗವಿದೆ, ಅದು 205 ಶತಕೋಟಿ ಟನ್ ಇಂಗಾಲ ಹಿಡಿದಿಡಬಲ್ಲದು ಎಂದಿತು. ಅದರ ಅಂದಾಜು ಐದು ಪಟ್ಟು ಹಿಗ್ಗಿದೆ, ಹುಲ್ಲುಗಾವಲು ಮತ್ತು ಸವನ್ನಾಗಳನ್ನು (ಅಲ್ಲಲ್ಲಿ ಮರಗಳಿರುವ ಹುಲ್ಲುಬಯಲುಗಳನ್ನು) ಬರಡು ಕಾಡೆಂದು ತಪ್ಪಾಗಿ ಓದಿದೆ ಎಂದು ಅನೇಕ ಪರಿಸರವಿಜ್ಞಾನಿಗಳು ಪ್ರತಿಭಟಿಸಿದರು. ಈ ವಾದಕ್ಕೆ ಬೆಂಗಳೂರಿನ ಸಂಶೋಧಕರ ಕೊಡುಗೆ ಗಣನೀಯ: ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ ಮತ್ತು ಸಂಗಡಿಗರು ಏಷ್ಯಾದ ಸವನ್ನಾಗಳು ಕಡಿದುಹೋದ ಕಾಡುಗಳಲ್ಲ, ಪ್ರಾಚೀನವಾದ ಸ್ವತಂತ್ರ ಪರಿಸರಗಳೆಂದು ತೋರಿಸಿದ್ದಾರೆ. ಕೃಷ್ಣಮೃಗಗಳಿಗಾಗಿ ಮೀಸಲಾದ ರಾಣೆಬೆನ್ನೂರಿನ ಹುಲ್ಲುಬಯಲಿನಲ್ಲಿ ನೀಲಗಿರಿ ನೆಡುತೋಪು ಎದ್ದದ್ದು, ಅಮೃತಮಹಲ್ ದನಗಳ ಮೇವುಬಯಲುಗಳಾದ ಕಾವಲುಗಳನ್ನು ಪಾಳುಭೂಮಿಯೆಂದು ಕಂಡದ್ದು ಇದೇ ತಪ್ಪಿನ ಫಲ. ಇದಲ್ಲದೆ ಹಿಮ ಬೀಳುವ ಉತ್ತರದಲ್ಲಿ ಕಡುಬಣ್ಣದ ಕಾಡು ಬಿಸಿಲನ್ನು ಹೆಚ್ಚು ಹೀರುವುದರಿಂದ, ಅಲ್ಲಿ ನೆಟ್ಟ ಮರ ತಂಪಿಗಿಂತ ತಾಪವನ್ನೇ ಹೆಚ್ಚಿಸಬಹುದೆಂದೂ, ಉಷ್ಣವಲಯದ ಕಾಡುಗಳು ಮಾತ್ರ ನಿಸ್ಸಂಶಯವಾಗಿ ತಂಪು ನೀಡುತ್ತವೆಂದೂ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಗೋವಿಂದಸ್ವಾಮಿ ಬಾಲ ಮತ್ತಿತರರ 2007ರ ಮಾದರಿ ಅಧ್ಯಯನ ಸೂಚಿಸಿತು.

ಇತ್ಯರ್ಥವಾಗದ ಪ್ರಶ್ನೆಗಳು

ನಾಲ್ಕು ಪ್ರಶ್ನೆಗಳು ಇನ್ನೂ ತೆರೆದಿವೆ. ಕೈಗಾರಿಕಾಪೂರ್ವ ಭೂಬಳಕೆಯ ಇಂಗಾಲ ಎಷ್ಟು ಎಂಬುದು ಮೊದಲನೆಯದು; ಹಿಮ, ಪರಾಗ, ಪುರಾತತ್ತ್ವಗಳ ಸಾಕ್ಷ್ಯಗಳು ಇನ್ನೂ ಒಂದೇ ಮಾತನ್ನು ಹೇಳುತ್ತಿಲ್ಲ. ನಿಂತ ಕಾಡಿನೊಳಗಿನ ಕ್ಷಯವನ್ನೂ ಮಣ್ಣಿನ ಆಳದ ಬದಲಾವಣೆಯನ್ನೂ ಜಗತ್ತಿನಾದ್ಯಂತ ನಂಬಲರ್ಹವಾಗಿ ಅಳೆಯುವ ಬಗೆ ಎರಡನೆಯದು. ನೆಲದ ಹೀರುವಿಕೆಯಲ್ಲಿ ಮರುಬೆಳವಣಿಗೆಯ ಪಾಲೆಷ್ಟು, ಗಾಳಿಯ ಗೊಬ್ಬರದ ಪಾಲೆಷ್ಟು ಎಂಬುದು ಮೂರನೆಯದು ಮತ್ತು ಎಲ್ಲಕ್ಕಿಂತ ತುರ್ತಿನದು, ಏಕೆಂದರೆ ಕಾಡು ಬಲಿತಂತೆ ಮರುಬೆಳವಣಿಗೆ ತಾನಾಗಿ ಮುಗಿಯುತ್ತದೆ, ಗಾಳಿಯ ಗೊಬ್ಬರದ ಫಲ ಸಾರಜನಕ, ರಂಜಕ, ಬರ, ಬೆಂಕಿಗಳ ಮರ್ಜಿಯಲ್ಲಿದೆ. ಯಾವ ನೆಲದ ಯಾವ ಬೆಳವಣಿಗೆಯನ್ನು ಯಾರ ಖಾತೆಗೆ ಬರೆಯಬೇಕೆಂಬುದು ನಾಲ್ಕನೆಯದು. ಇದಕ್ಕೆ ಅಳತೆಯ ಜೊತೆ ರಾಜಕೀಯ ಒಪ್ಪಂದವೂ ಬೇಕು.

ಈ ಪ್ರಶ್ನೆಗಳಿಗೆ ಯಾವ ಉತ್ತರ ಬಂದರೂ ಬದಲಾಗದ ಮಾತೊಂದಿದೆ. ನೆಲ ಇಂಗಾಲವನ್ನು ಕಳೆದುಕೊಳ್ಳುವ ವೇಗಕ್ಕೂ ಗಳಿಸುವ ವೇಗಕ್ಕೂ ಹೋಲಿಕೆಯಿಲ್ಲ: ಸಾವಿರಾರು ವರ್ಷಗಳಲ್ಲಿ ಕಟ್ಟಿದ ಪೀಟ್ ಕೆಲವೇ ತಿಂಗಳಲ್ಲಿ ಉರಿದುಹೋಗುತ್ತದೆ, ಹಳೆಯ ಕಾಡಿನ ಮರವೊಂದರ ಸ್ಥಾನವನ್ನು ಸಸಿ ತುಂಬಲು ತಲೆಮಾರುಗಳೇ ಬೇಕು. ಆದ್ದರಿಂದ ಉಳಿದಿರುವ ಜೌಗು, ಹಳೆಯ ಕಾಡು ಮತ್ತು ಹುಲ್ಲುಬಯಲುಗಳನ್ನು ಕಾಪಾಡುವ ಕೆಲಸ ಹೊಸದಾಗಿ ನೆಡುವುದಕ್ಕಿಂತ ಮೊದಲು ಬರಬೇಕು; ಇವೆರಡೂ ಸೇರಿದರೂ ಇಂಧನದ ಹೊರಸೂಸುವಿಕೆಯನ್ನು ತಗ್ಗಿಸುವ ಹೊಣೆಯಿಂದ ಯಾವ ದೇಶಕ್ಕೂ ವಿನಾಯಿತಿ ಸಿಗಲಾರದು. ನೆಲ ಇನ್ನೆಷ್ಟು ಕಾಲ ಇಂಗಾಲವನ್ನು ಹೀರೀತು ಎಂದು ಇಂದಿನ ಯಾವ ಪಂಥವೂ ಖಚಿತವಾಗಿ ಹೇಳಲಾರದಿರುವಾಗ, ಆ ನೆಚ್ಚಿಕೆಯ ಮೇಲೆ ಹವಾಗುಣದ ನೀತಿಯನ್ನು ಕಟ್ಟುವುದು ವಿವೇಕವಲ್ಲ.